ಹೀಟರಿಗೆ ಶಾಲು ಹೊದಿಸಿದ ಶನಿವಾರ

ಕಳೆದ ಶನಿವಾರ ನಾನೊಂದು ಡಬ್ಬಿ ಕದ್ದೆ. ಬಿಳಿ ಬಣ್ಣದ್ದು, ಸೋಪಿನ ಡಬ್ಬಿಯಷ್ಟು ದೊಡ್ಡದು. ಎರಡು ಗಂಟೆ ಬಿಟ್ಟು, ಎಲ್ಲಿಂದ ತೆಗೆದಿದ್ದೆನೋ ಅಲ್ಲೇ ವಾಪಸ್ ಇಟ್ಟೆ.

ಕದ್ದದ್ದು ತಪ್ಪು, ಒಪ್ಪಿದೆ. ಆದರೆ ವಾಪಸ್ ಇಟ್ಟೆನಲ್ಲ, ಅದು ಅದಕ್ಕಿಂತ ದೊಡ್ಡ ತಪ್ಪು. ಅದರಿಂದಾಗಿ ಡೆರೆಕ್ ಅನ್ನುವ ಒಬ್ಬ ಗ್ಯಾಸ್ ಎಂಜಿನಿಯರ್ ನಾಳೆ ಬೆಳಿಗ್ಗೆ ಹತ್ತು ಗಂಟೆಯ ವಿಚಾರಣೆಯಲ್ಲಿ ತನ್ನ ಲೈಸೆನ್ಸ್ ಕಳೆದುಕೊಳ್ಳಬಹುದು. ಅರವತ್ತೊಂದು ವರ್ಷ ಆತನಿಗೆ. ಹದಿನೇಳನೇ ವಯಸ್ಸಿನಿಂದ ಇದೇ ಕೆಲಸ.

ನಾನು ಇದನ್ನು ಬರೆಯುತ್ತಿರುವುದು ಬುಧವಾರ ಮಧ್ಯಾಹ್ನ. ನೀವು ಪತ್ರಿಕೆಯ ಈ ಅಂಕಣದಲ್ಲಿ ಓದುವುದು ಭಾನುವಾರ. ಅಷ್ಟರಲ್ಲಿ ಏನಾಗಬೇಕೋ ಅದು ಆಗಿರುತ್ತದೆ.

ಲೈಸೆನ್ಸ್ ಕೊಡುವ ಆಫೀಸಿನಿಂದ ನನಗೊಂದು ಇಮೇಲ್ ಬಂದಿದೆ. ಉದ್ದ ಇಮೇಲ್, ಆದರೆ ಪ್ರಶ್ನೆ ಒಂದೇ. ತರಗತಿ ಶುರುವಾದಾಗ ಅಲಾರಂ ಗೋಡೆಯ ಮೇಲೆ ಇತ್ತೇ? ಹೌದು ಅನ್ನುವುದಕ್ಕೆ ಒಂದು ಚೌಕ, ಇಲ್ಲ ಅನ್ನುವುದಕ್ಕೆ ಒಂದು ಚೌಕ. ವಿಚಾರಣೆಗೆ ಮೊದಲು ಯಾವುದಾದರೂ ಒಂದಕ್ಕೆ ಟಿಕ್ ಹಾಕಿ ಕಳಿಸಬೇಕು. ಸೋಮವಾರದಿಂದ ಆ ಎರಡು ಚೌಕಗಳನ್ನು ನೋಡುತ್ತಾ ಕೂತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ.

ಲಂಡನ್ನಿನ ಇಲ್ಫರ್ಡಿನಲ್ಲಿ ನಮ್ಮ ಕನ್ನಡ ಸಂಘಕ್ಕೊಂದು ಹಾಲ್ ಇದೆ. ಹಿಂದೆ ಅದು ಕಾರ್ಪೆಟ್ ಗೋಡೌನ್. ಚಪ್ಪಟೆ ಛಾವಣಿ, ತೆಳು ಗೋಡೆ, ಎಲ್ಲಿಂದಲೋ ಬರುವ ತಣ್ಣನೆ ಗಾಳಿ. ಎರಡು ಚಳಿಗಾಲ ನಮ್ಮ ಮಕ್ಕಳು ಅಲ್ಲಿ ಕೋಟು, ಟೋಪಿ, ಗ್ಲೌಸ್ ಹಾಕಿಕೊಂಡೇ ಅ ಆ ಇ ಈ ಬರೆದಿವೆ. ಗ್ಲೌಸ್ ಹಾಕಿಕೊಂಡು ಒತ್ತಕ್ಷರ ಬರೆಯಲು ಒಮ್ಮೆ ಪ್ರಯತ್ನ ಮಾಡಿ ನೋಡಿ, ಆಮೇಲೆ ನಮ್ಮ ಮಕ್ಕಳ ಬರವಣಿಗೆ ಬಗ್ಗೆ ಮಾತಾಡಿ.

ಈ ವರ್ಷ ಕೊನೆಗೂ ಛಾವಣಿ ಮೇಲೆ ಹೊಸ ಮಷೀನು ಬಂತು. ಚಳಿಗಾಲಕ್ಕೆ ಗ್ಯಾಸ್ ಹೀಟರ್, ಬೇಸಿಗೆಗೆ ಏಸಿ, ಮಧ್ಯೆ ದೊಡ್ಡ ಫ್ಯಾನು, ಎಲ್ಲವೂ ಒಂದೇ ಪೆಟ್ಟಿಗೆಯೊಳಗೆ ಕೂತು ಬರುವ ಮಷೀನು. ಬೂದು ಬಣ್ಣ, ಮಾರುತಿ ವ್ಯಾನಿನ ಗಾತ್ರ. ಗುರುವಾರ ರಸ್ತೆ ಬಂದ್ ಮಾಡಿಸಿ ಕ್ರೇನಿನಲ್ಲಿ ಎತ್ತಿ ಇಟ್ಟರು. ಅದು ಗಾಳಿಯಲ್ಲಿ ತೂಗುವಾಗ ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ನನಗಂತೂ ಮೇಲೆ ನೋಡಿ ನೋಡಿ ಕತ್ತು ನೋವು ಬಂತು.

ಅದನ್ನು ಜೋಡಿಸಿದವನು ಡೆರೆಕ್. ಎರಡು ದಿನ ಛಾವಣಿ ಮೇಲೆ ಗಾಳಿಯಲ್ಲಿ ಕೆಲಸ ಮಾಡಿದ. ಅವನ ಕೆಲಸ ನೋಡುವುದೇ ಒಂದು ಚಂದ. ಪೈಪು ಸೇರಿಸಿದ ಕಡೆಯಲ್ಲೆಲ್ಲ ಸೋಪಿನ ನೀರು ಹಚ್ಚಿ, ಗುಳ್ಳೆ ಬರುತ್ತದೋ ಅಂತ ಮೂಗು ಹತ್ತಿರ ಇಟ್ಟು ನೋಡುತ್ತಿದ್ದ. ಮೀಟರ್ ಹಿಡಿದು ಅಳೆದದ್ದನ್ನೇ ಮತ್ತೆ ಅಳೆಯುತ್ತಿದ್ದ. ನಮ್ಮ ಸಂಘದ ಅಧ್ಯಕ್ಷರು ಪಾಟೀಲರು (ಹುಬ್ಬಳ್ಳಿಯವರು, ಐಟಿ ಮ್ಯಾನೇಜರ್, ಒಂದು ಕಡೆ ನಿಲ್ಲಲಾರದ ಮನುಷ್ಯ) 'ಎಷ್ಟ್ ಸಲ ಅಳೀತಾನ್ರೀ ಇಂವಾ, ಮಷೀನ್ ಏನ್ ಓಡಿಹೋಕ್ಕತೇನು' ಅಂತ ಗೊಣಗಿದರು.

ಶುಕ್ರವಾರ ಸಂಜೆ ಡೆರೆಕ್ ನಮ್ಮಿಬ್ಬರನ್ನು ಮೇಲೆ ಕರೆದುಕೊಂಡು ಹೋದ. ಮಷೀನಿಗೆ ಎರಡು ಬಾಯಿ. ಒಂದರಿಂದ ಹೊರಗಿನ ಹೊಸ ಗಾಳಿ ಒಳಗೆ ಹೋಗುತ್ತದೆ. ಇನ್ನೊಂದರಿಂದ ಗ್ಯಾಸ್ ಉರಿದ ಹೊಗೆ ಹೊರಗೆ ಬರುತ್ತದೆ. 'ಈ ಎರಡಕ್ಕೂ ಏನೂ ಅಡ್ಡ ಬರಬಾರದು. ಒಂದು ಎಲೆ ಕೂಡ' ಅಂದ.

ಕೆಳಗೆ ಬಂದು ಹಾಲಿನ ಗೋಡೆಗೆ ಆ ಬಿಳಿ ಡಬ್ಬಿ ಸಿಕ್ಕಿಸಿದ. ಹೊಗೆಬಾಯಿ ಕಟ್ಟಿಕೊಂಡರೆ ಕೆಟ್ಟ ಗಾಳಿ ಒಳಗೆ ಬರಬಹುದು, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ನಿಮಗೆ ಗೊತ್ತೇ ಆಗುವುದಿಲ್ಲ, ಇದಕ್ಕೆ ಮಾತ್ರ ಗೊತ್ತಾಗುತ್ತದೆ ಅಂದ. ಕಾರ್ಬನ್ ಮೊನಾಕ್ಸೈಡ್ ಅಲಾರಂ. ನನ್ನ ಕಡೆ ತಿರುಗಿ 'ಇದು ಇಲ್ಲೇ ಇರಬೇಕು, ಲವ್' ಅಂದ. (ಇಲ್ಲಿನ ಹಳಬರು ಅಮ್ಮಾ, ತಾಯಿ ಅನ್ನುವ ಹಾಗೆ ಎಲ್ಲರನ್ನೂ ಹೀಗೇ ಕರೆಯುತ್ತಾರೆ.) ನಾನು ತಲೆಯಾಡಿಸಿದೆ. ಸಹಿ ಮಾಡಿದೆ ಕೂಡ. ಸಂಘದ ಕಾರ್ಯದರ್ಶಿ ನಾನೇ ತಾನೆ?

ಮಾರನೇ ದಿನ ಪೂಜೆ.

ಹೊಸ ಮಷೀನನ್ನು ಪೂಜೆ ಮಾಡದೆ ಶುರು ಮಾಡುವುದುಂಟೇ? ನಮ್ಮ ಮನೆಗೆ ಮಿಕ್ಸಿ ಬಂದರೂ ಕುಂಕುಮ ಇಟ್ಟೇ ಚಟ್ನಿ ರುಬ್ಬುವುದು. ಕಾರು ಬಂದರೆ ನಿಂಬೆಹಣ್ಣು. ಇನ್ನು ಕ್ರೇನಿನಲ್ಲಿ ಬಂದದ್ದಕ್ಕೆ ಕೇಳಬೇಕೇ? ನಾನು ಶುಕ್ರವಾರ ಸಂಜೆಯೇ ಕೂತು ಚೆಂಡುಹೂವಿನ ಹಾರ ಕಟ್ಟಿದೆ, ಎರಡು ಮಾರು.

ಶನಿವಾರ ಹತ್ತು ಗಂಟೆಗೆ ಹಾಲಿನಲ್ಲಿ ಸಣ್ಣ ಪೂಜೆ, ಆಮೇಲೆ ಮೇಲೆ ಹೋಗಿ ಮಷೀನಿಗೆ ಮಂಗಳಾರತಿ ಅಂತ ತೀರ್ಮಾನವಾಗಿತ್ತು. ಈಗ ಇಂಗ್ಲೆಂಡಿನಲ್ಲಿರುವ ನಮ್ಮವರಿಗೆಲ್ಲ ಗೊತ್ತಿರುವ, ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ ಹೇಳುತ್ತೇನೆ. ಇಲ್ಲಿ ಪೂಜೆಗೆ ಮೊದಲು ಮಾಡುವ ಕೆಲಸ ದೀಪ ಹಚ್ಚುವುದಲ್ಲ. ಅಲಾರಂ ಕಟ್ಟಿಹಾಕುವುದು. ಊದುಬತ್ತಿ ಹಚ್ಚಿದರೆ ಕೂಗುತ್ತದೆ, ಕರ್ಪೂರ ಹಚ್ಚಿದರೆ ಕೂಗುತ್ತದೆ, ಒಗ್ಗರಣೆಗೆ ಮೆಣಸಿನಕಾಯಿ ಬಿದ್ದರಂತೂ ಇಡೀ ಫ್ಲ್ಯಾಟಿನವರು ಪೈಜಾಮದಲ್ಲಿ ರಸ್ತೆಗೆ ಬರಬೇಕು. ಅದಕ್ಕೇ ನಮ್ಮೆಲ್ಲರ ಅಡುಗೆಮನೆಯ ಡ್ರಾಯರಿನಲ್ಲಿ ಒಂದು ಶವರ್ ಕ್ಯಾಪ್ ಇರುತ್ತದೆ. ಹೋಟೆಲಿನಿಂದ ತಂದದ್ದು. ಅದನ್ನು ಅಲಾರಮ್ಮಿಗೆ ತೊಡಿಸಿದರೆ ಮುಗಿಯಿತು. (ಸತ್ಯ ಹೇಳಿ, ನಿಮ್ಮ ಮನೆಯಲ್ಲಿ ಇಲ್ಲವೇ?)

ಹಾಗಾಗಿ ಶನಿವಾರ ಬೆಳಿಗ್ಗೆ ನಾನು ಕುರ್ಚಿ ಹತ್ತಿ ಹಾಲಿನ ಸ್ಮೋಕ್ ಅಲಾರಮ್ಮಿಗೆ ಟೋಪಿ ಹಾಕಿದೆ. ಕೆಳಗೆ ಇಳಿಯುವಾಗ ಗೋಡೆಯ ಮೇಲಿನ ಬಿಳಿ ಡಬ್ಬಿ ಕಣ್ಣಿಗೆ ಬಿತ್ತು. ಇದೂ ಒಂದು ಅಲಾರಂ ತಾನೆ, ಯಾಕೆ ರಿಸ್ಕು ಅನ್ನಿಸಿತು. ಮಂಗಳಾರತಿ ಮಧ್ಯೆ ಕಿರುಚಿಕೊಂಡರೆ ಅಪಶಕುನ ಬೇರೆ. ಕ್ಲಿಪ್ಪಿನಿಂದ ಎತ್ತಿದೆ, ಬಂದುಬಿಟ್ಟಿತು. ಎಲ್ಲಾದರೂ ಇಟ್ಟರೆ ಮರೆತುಹೋಗುತ್ತದೆ ಅಂತ, ಜಾಣೆಯಲ್ಲವೇ ನಾನು, ನನ್ನ ಕೈಚೀಲದೊಳಗೇ ಹಾಕಿಕೊಂಡೆ.

ಇದನ್ನು ನೋಡಿದ್ದು ಒಬ್ಬಳೇ. ನನ್ನ ಮಗಳು ಅನಘಾ. ಹನ್ನೆರಡು ವರ್ಷ. ಮೂಲೆಯಲ್ಲಿ ಕೂತು ಫೋನ್ ನೋಡುತ್ತಿದ್ದವಳು ಒಮ್ಮೆ ತಲೆ ಎತ್ತಿದಳು, ಮತ್ತೆ ತಗ್ಗಿಸಿದಳು.

ಪೂಜೆ ಚೆನ್ನಾಗಿಯೇ ಆಯಿತು. ಮೇಲೆ ಹೋಗಿ ಮಷೀನಿಗೆ ಅರಿಶಿನ ಕುಂಕುಮ, ನನ್ನ ಹಾರ. ಅಷ್ಟಕ್ಕೆ ನಿಲ್ಲಬಹುದಿತ್ತು. ಪಾಟೀಲರು ಬಗಲಲ್ಲಿದ್ದ ಪ್ಲಾಸ್ಟಿಕ್ ಕವರಿನಿಂದ ಒಂದು ಶಾಲು ತೆಗೆದರು. ಜರಿ ಅಂಚಿನ ಹಳದಿ ಶಾಲು, ನಮ್ಮ ರಾಜ್ಯೋತ್ಸವದ ಸನ್ಮಾನದಲ್ಲಿ ಉಳಿದದ್ದು.

'ಇದೆಲ್ಲಾ ಬೇಕಾ?' ಅಂದೆ.

'ಅಲ್ರೀ ಸುಮಾ ಅವ್ರ, ಭಾಷಣ ಕುಟ್ಟಿ ಹೋಗೋ ಮಂದಿಗೆ ಹೊದಿಸ್ತೀವಿ. ಇದು ಇಪ್ಪತ್ತೆರಡು ಮಕ್ಕಳನ್ನ ಬೆಚ್ಚಗ ಇಡೂ ಮಷೀನು. ಇದಕ್ಕೊಂದ್ ಮರ್ಯಾದಿ ಬ್ಯಾಡೇನ್ರೀ?'

ಎಲ್ಲರೂ ನಕ್ಕರು. ನಾನೂ ನಕ್ಕೆ. ಶಾಲು ಹೊದಿಸಿದ ಫೋಟೋ ತೆಗೆದವಳೂ ನಾನೇ.

ಕೆಳಗೆ ಬಂದು ಗುಂಡಿ ಒತ್ತಿದೆವು. ಬೆಚ್ಚನೆ ಗಾಳಿ ಬಂತು. ಎಲ್ಲರೂ ಚಪ್ಪಾಳೆ ಹೊಡೆದರು. ಐದು ನಿಮಿಷಕ್ಕೆ ಮಷೀನು ನಿಂತಿತು. ಪಾಟೀಲರು ಗೋಡೆಯ ಪ್ಯಾನಲ್ಲಿನಲ್ಲಿ ರೀಸೆಟ್ ಒತ್ತಿದರು. ಓಡಿತು. ಮತ್ತೆ ನಿಂತಿತು. ಮತ್ತೆ ರೀಸೆಟ್. ಐಟಿಯವರಿಗೆ ಪ್ರಪಂಚದ ಯಾವ ಕಾಯಿಲೆಗೂ ಇದೊಂದೇ ಮಾತ್ರೆ, ಆಫ್ ಮಾಡಿ ಆನ್ ಮಾಡುವುದು. ಆ ಮಷೀನು ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಎರಡು ಸಲ ನಮಗೆ ಹೇಳಿತು, ನನ್ನ ಬಾಯಿ ಮುಚ್ಚಿದ್ದೀರಿ ಅಂತ. ಯಾರು ಕೇಳಿಸಿಕೊಂಡರು? ಮೂರನೇ ಸಲ ಓಡತೊಡಗಿತು. ಆಗ ಗಾಳಿಗೆ ಶಾಲು ಸ್ವಲ್ಪ ಜಾರಿರಬೇಕು. ಉಸಿರಾಡುವಷ್ಟು ಜಾಗ ಸಿಕ್ಕಿತ್ತು, ಸರಿಯಾಗಿ ಉರಿಯುವಷ್ಟು ಸಿಕ್ಕಿರಲಿಲ್ಲ. ಹೊಗೆಯೆಲ್ಲ ಶಾಲಿನ ಅಡಿಯಿಂದ ಪಕ್ಕಕ್ಕೆ ತಿರುಗಿ, ಹೊಸ ಗಾಳಿ ಎಳೆದುಕೊಳ್ಳುವ ಆ ಇನ್ನೊಂದು ಬಾಯಿಗೇ ಹೋಗುತ್ತಿತ್ತು. ಇದೆಲ್ಲ ನಾನು ಆಮೇಲೆ ಲೆಕ್ಕ ಹಾಕಿಕೊಂಡದ್ದು.

ಹನ್ನೊಂದಕ್ಕೆ ಮಕ್ಕಳು ಬಂದರು. ಗ್ರೇಸಿ ಟೀಚರ್ ಬಂದರು. ಗ್ರೇಸಿ ಶಿರ್ವದ ಕಡೆಯವರು, ಮನೆಮಾತು ಕೊಂಕಣಿ, ವಾರವೆಲ್ಲ ಆಸ್ಪತ್ರೆಯಲ್ಲಿ ನರ್ಸ್, ಶನಿವಾರ ನಮ್ಮ ಮಕ್ಕಳಿಗೆ ಕನ್ನಡ ಟೀಚರ್. 'ಓ ದೇವರೇ, ಎಷ್ಟು ಬೆಚ್ಚಗುಂಟು' ಅಂತ ಕೋಟು ಬಿಚ್ಚಿದರು. ಆ ಹಾಲಿನಲ್ಲಿ ಅವರು ಕೋಟು ಬಿಚ್ಚಿದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು. ಮಕ್ಕಳೂ ಬಿಚ್ಚಿ ರಾಶಿ ಹಾಕಿದವು. ಪಾಟೀಲರು ಸ್ಮೋಕ್ ಅಲಾರಮ್ಮಿನ ಟೋಪಿ ತೆಗೆದು ಜೇಬಿಗಿಟ್ಟುಕೊಂಡು, ಹಾಲಿನಲ್ಲಿ ಕುರ್ಚಿ ಲೆಕ್ಕ ಹಾಕುತ್ತಾ ಓಡಾಡಿ, ಹೊರಟರು. ಅನಘಾಳನ್ನು ತರಗತಿಗೆ ಬಿಟ್ಟು ನಾನೂ ಹೊರಟೆ. ಅಕ್ಸ್‌ಬ್ರಿಡ್ಜಿನಲ್ಲಿ ಗೆಳತಿಯ ಮೊಮ್ಮಗುವಿನ ನಾಮಕರಣ. ಲಂಡನ್ನಿನ ಈ ತುದಿಯಿಂದ ಆ ತುದಿಗೆ.

ರೈಲು ಸ್ಟ್ರಾಟ್‌ಫರ್ಡಿಗೆ ಬರುವ ಹೊತ್ತಿಗೆ ಕನ್ನಡಕ ಹುಡುಕಲು ಕೈಚೀಲಕ್ಕೆ ಕೈ ಹಾಕಿದೆ. ಕೈಗೆ ಸಿಕ್ಕಿದ್ದು ಬಿಳಿ ಡಬ್ಬಿ.

ಮೊದಲು ನಗು ಬಂತು, ನಿಜವಾಗಲೂ. ಅಯ್ಯೋ ಮರೆತೇಬಿಟ್ಟೆನಲ್ಲ, ಸೋಮವಾರ ಕೊಟ್ಟರಾಯಿತು ಅಂದುಕೊಂಡೆ. ಫೋನ್ ತೆಗೆದೆ. ಬೆಳಗಿನ ಫೋಟೋ ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕೋಣ ಅಂತ ತೆರೆದೆ.

ಹಳದಿ ಶಾಲು. ಅದರ ಅಡಿಯಲ್ಲಿ, ಹಾರದ ಹಿಂದೆ, ಅರ್ಧ ಕಾಣುವ ಜಾಲರಿ. ಒಂದು ಎಲೆ ಕೂಡ ಅಡ್ಡ ಬರಬಾರದು ಅಂತ ಡೆರೆಕ್ ಬೆರಳಿಟ್ಟು ತೋರಿಸಿದ ಜಾಲರಿ.

ಅಲ್ಲಿ ಹೊಗೆಬಾಯಿ ಮುಚ್ಚಿದೆ. ಇಲ್ಲಿ ಅಲಾರಂ ನನ್ನ ತೊಡೆ ಮೇಲಿದೆ. ಮಧ್ಯೆ ಇಪ್ಪತ್ತೆರಡು ಮಕ್ಕಳು, ಕಿಟಕಿ ಮುಚ್ಚಿಕೊಂಡು, ಬೆಚ್ಚಗೆ.

ಬಾಗಿಲು ಮುಚ್ಚುವಷ್ಟರಲ್ಲಿ ಹಾರಿ ಇಳಿದೆ. ಗ್ರೇಸಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ತರಗತಿಯಲ್ಲಿ ಫೋನ್ ಬುಟ್ಟಿಗೆ ಹಾಕಬೇಕು, ಟೀಚರ್ ಕೂಡ, ಅನ್ನುವ ನಿಯಮ ಇದೆ. (ಮಾಡಿದವಳು ಯಾರು? ಕಾರ್ಯದರ್ಶಿ.) ಅನಘಾಳ ಫೋನೂ ಅದೇ ಬುಟ್ಟಿಯಲ್ಲಿ. ಪಾಟೀಲರಿಗೆ ಮಾಡಿದೆ. ಡ್ರೈವ್ ಮಾಡುತ್ತಿದ್ದೇನೆ, ಆಮೇಲೆ ಮಾತಾಡುತ್ತೇನೆ ಅಂತ ಮೆಸೇಜು ಬಂತು. ಮತ್ತೆ ಗ್ರೇಸಿ. ಮತ್ತೆ ಅನಘಾ.

ತುರ್ತು ಕರೆಗೆ 999 ಇತ್ತಲ್ಲ? ಇತ್ತು. ಎರಡು ಸಲ ಒತ್ತಿ ಅಳಿಸಿದೆ. ಏನಂತ ಹೇಳಲಿ? ಹೀಟರಿಗೆ ಶಾಲು ಹೊದಿಸಿದ್ದೇವೆ ಅಂತಲೇ? ಏನೂ ಆಗಿರದಿದ್ದರೆ? ಸೈರನ್ ಹಾಕಿಕೊಂಡು ಬಂದವರ ಎದುರು ನಗೆಪಾಟಲಾದರೆ? ಹೌದು, ಹೊಟ್ಟೆಯಲ್ಲಿ ಹುಟ್ಟಿದ ಮಗಳು ಒಳಗಿರುವಾಗ ನಾನು ಯೋಚಿಸಿದ್ದು ನನ್ನ ಮಾನದ ಬಗ್ಗೆ. ಬರೆಯುವಾಗ ಈಗ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ, ಅದೇ ನನಗೆ ಅರ್ಥವಾಗದ ವಿಷಯ.

ವಾಪಸ್ ಹೋಗುವ ರೈಲಿಗೆ ಆರು ನಿಮಿಷ ಇತ್ತು. ನನ್ನ ಆಯುಸ್ಸಿನಲ್ಲಿ ಅಷ್ಟು ಉದ್ದದ ಆರು ನಿಮಿಷ ಕಂಡಿಲ್ಲ. ರೈಲು ಬಂತು, ಹತ್ತಿದೆ, ಬಾಗಿಲ ಬಳಿಯೇ ನಿಂತೆ. ಪಕ್ಕದ ಹೆಂಗಸು 'ಆರ್ ಯು ಓಕೆ?' ಅಂದಳು. ಹೂಂ ಅಂದೆ. ಇಲ್ಫರ್ಡಿನಲ್ಲಿ ಇಳಿದು ಓಡಿದೆ. ಸೀರೆ ಉಟ್ಟು ಐವತ್ತರ ಹತ್ತಿರದ ಹೆಂಗಸು ಬೀದಿಯಲ್ಲಿ ಓಡಿದರೆ ಜನ ದಾರಿ ಬಿಡುತ್ತಾರೆ.

ತಿರುವಿನಲ್ಲಿ ನೋಡಿದರೆ ಮಕ್ಕಳೆಲ್ಲ ಕಾರ್ ಪಾರ್ಕಿನಲ್ಲಿ.

ಗ್ರೇಸಿ ಅವರನ್ನು ಸಾಲಾಗಿ ಗೋಡೆಗೆ ಒರಗಿಸಿ ಕೂರಿಸಿದ್ದರು, ಒಬ್ಬೊಬ್ಬರ ಹೆಸರು ಕೂಗಿ ಮಾತಾಡಿಸುತ್ತಿದ್ದರು. ಒಬ್ಬಳು ವಾಂತಿ ಮಾಡಿಕೊಂಡಿದ್ದಳು. ನಾಲ್ಕೈದು ಮಕ್ಕಳು ತಲೆ ಹಿಡಿದುಕೊಂಡಿದ್ದವು. ಅನಘಾ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಓಡಿಹೋಗಿ ಗಲ್ಲ ಹಿಡಿದು ಅಲ್ಲಾಡಿಸಿದೆ. 'ಸ್ಟಾಪ್ ಇಟ್ ಅಮ್ಮಾ, ಮೈ ಹೆಡ್ ಹರ್ಟ್ಸ್' ಅಂದಳು. ಆ ಸಿಡುಕು ಕೇಳಿ ಜೀವ ಬಂತು.

'ಎಂತ ಗೊತ್ತುಂಟಾ ಸುಮಾ' ಅಂದರು ಗ್ರೇಸಿ. ಅವರ ಮುಖವೂ ಕೆಂಪಾಗಿತ್ತು. 'ಮಕ್ಕಳೆಲ್ಲ ಆಕಳಿಸ್ಲಿಕ್ಕೆ ಶುರು ಮಾಡಿದ್ರು. ಬೆಚ್ಚಗೆ ಆಯ್ತಲ್ಲ, ನಿದ್ದೆ ಬರ್ತದೆ ಅಂತ ಗ್ರಹಿಸಿದೆ. ಮತ್ತೆ ಆ ಹುಡುಗಿಗೆ ವಾಂತಿ. ನನಗೂ ತಲೆ ಒಂಥರಾ. ಒಬ್ಬರಿಗೆ ಆದ್ರೆ ಹೊಟ್ಟೆ ಸರಿ ಇಲ್ಲ ಅನ್ನಬಹುದು. ಎಲ್ಲರಿಗೂ ಒಟ್ಟಿಗೆ ಆದ್ರೆ ಗಾಳಿ ಸರಿ ಇಲ್ಲ. ಹೀಟರ್ ಆಫ್ ಮಾಡಿ, ಕಿಟಕಿಯೆಲ್ಲ ತೆಗೆದು, ಎಲ್ಲರನ್ನೂ ಹೊರಗೆ ಹಾಕಿದೆ. 999ಗೆ ಮಾಡಿ ಆಯ್ತು.'

ದೂರದಲ್ಲಿ ಸೈರನ್ ಕೇಳಿಸಿತು.

ಈಗ ಗಮನವಿಟ್ಟು ಓದಿ. ನಾನು ಆ ಕ್ಷಣದಲ್ಲಿ ಏನು ಮಾಡಬೇಕಿತ್ತು? ಮಗಳ ಪಕ್ಕ ಕೂರಬೇಕಿತ್ತು. ಡಬ್ಬಿ ಕೈಯಲ್ಲಿ ಹಿಡಿದು, ಬಂದವರಿಗೆ ತೋರಿಸಿ, ನಾನೇ ತೆಗೆದೆ ಅನ್ನಬೇಕಿತ್ತು. ನಾನು ಮಾಡಿದ್ದು, 'ಒಳಗೆ ಎಲ್ಲಾ ಆಫ್ ಆಗಿದೆಯಾ ನೋಡಿ ಬರ್ತೀನಿ' ಅಂತ ಹೇಳಿ ಹಾಲಿನೊಳಗೆ ಓಡಿದ್ದು. ಉಸಿರು ಬಿಗಿಹಿಡಿದು, ಗೋಡೆಯ ಕ್ಲಿಪ್ಪಿಗೆ ಡಬ್ಬಿ ಸಿಕ್ಕಿಸಿ, ಹೊರಗೆ ಬಂದೆ. ಹತ್ತು ಸೆಕೆಂಡು ಹಿಡಿದಿರಬಹುದು.

ಯಾರನ್ನೋ ಸಿಕ್ಕಿಹಾಕಿಸಬೇಕು ಅಂತ ಮಾಡಿದ್ದಲ್ಲ. ಡೆರೆಕ್ ನನ್ನ ತಲೆಯಲ್ಲೇ ಇರಲಿಲ್ಲ. ಎತ್ತಿದ್ದನ್ನು ಎತ್ತಿದಲ್ಲೇ ಇಡು ಅಂತ ಅಮ್ಮ ಕಲಿಸಿದ್ದಳಲ್ಲ, ಕೈ ತಾನಾಗಿಯೇ ಮಾಡಿತು ಅಂತ ಮೂರು ದಿನ ನನಗೆ ನಾನೇ ಹೇಳಿಕೊಂಡೆ. ಅರ್ಧ ನಿಜ. ಇನ್ನರ್ಧ ಏನು ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಅಗ್ನಿಶಾಮಕದವರು ಬಂದರು, ಆಂಬುಲೆನ್ಸ್ ಬಂತು. ಪಾಟೀಲರೂ ಗ್ರೂಪಿನ ಮೆಸೇಜು ನೋಡಿ ಓಡಿ ಬಂದರು. ಎಲ್ಲರೂ ಮಕ್ಕಳ ಸುತ್ತ ಇದ್ದಾಗ ಅವರು ಹಿಂದಿನ ಮೆಟ್ಟಿಲು ಹತ್ತಿ ಮೇಲೆ ಹೋದದ್ದನ್ನು ನೋಡಿದೆ. ಇಳಿಯುವಾಗ ಬಗಲಲ್ಲಿ ಅದೇ ಪ್ಲಾಸ್ಟಿಕ್ ಕವರ್ ಇತ್ತು, ಉಬ್ಬಿಕೊಂಡಿತ್ತು. ನಮ್ಮಿಬ್ಬರ ಕಣ್ಣು ಸೇರಿತು. ಇಬ್ಬರೂ ಬೇರೆ ಕಡೆ ನೋಡಿದೆವು.

ಮೀಟರ್ ಹಿಡಿದು ಒಳಗೆ ಹೋದವರು ಗಾಳಿಯ ಪೈಪಿನಲ್ಲಿ ಇನ್ನೂ ಉಳಿದಿದ್ದ ವಿಷ ಅಳೆದರು. ಹಾಲಿನಲ್ಲಿ ಕಿಟಕಿಯೆಲ್ಲ ತೆಗೆದಿತ್ತು, ಅಲಾರಂ ಕೂಗುವಷ್ಟು ಉಳಿದಿರಲಿಲ್ಲ. ಅವರಲ್ಲೊಬ್ಬ ಗೋಡೆ ನೋಡಿ, ಇದು ಕೂಗಲೇ ಇಲ್ಲವೇ ಅಂತ ಕೇಳಿದ. ಗ್ರೇಸಿ ಇಲ್ಲ ಅಂದರು. ಅವರು ಹೇಳಿದ್ದು ನಿಜವೇ. ಆತ ಬರೆದುಕೊಂಡ.

ಮಕ್ಕಳೆಲ್ಲ ಆಸ್ಪತ್ರೆಗೆ ಹೋಗಿ, ಆಕ್ಸಿಜನ್ ತೆಗೆದುಕೊಂಡು, ಸಂಜೆಯೊಳಗೆ ಮನೆ ಸೇರಿದವು. ಒಂದು ಮಗುವಿಗೂ ಏನೂ ಆಗಲಿಲ್ಲ. ಇನ್ನರ್ಧ ಗಂಟೆ ಕಳೆದಿದ್ದರೆ ಹೇಳಲು ಬರುತ್ತಿರಲಿಲ್ಲ ಅಂತ ಡಾಕ್ಟರ್ ಅಂದರು. ಗ್ರೇಸಿ ಬದಲು ಅಲ್ಲಿ ನಾನಿದ್ದಿದ್ದರೆ? ಮಕ್ಕಳು ಮಲಗಿದರೆ ಮಲಗಲಿ ಪಾಪ ಅಂತ ಕಿಟಕಿಯ ಪರದೆ ಬೇರೆ ಎಳೆದಿರುತ್ತಿದ್ದೆ.

ಭಾನುವಾರ ಬೆಳಿಗ್ಗೆ ಹೊತ್ತಿಗೆ ಗ್ರೂಪಿನಲ್ಲಿ ತೀರ್ಪು ಬಂದಾಗಿತ್ತು. 'ಇವರ ಕೆಲಸವೇ ಇಷ್ಟು.' 'ಟೀ ಕುಡಿಯೋದಕ್ಕೇ ಬರ್ತಾರೆ.' 'ಬಿಡಬಾರದು, ಕೇಸ್ ಹಾಕಬೇಕು.' ಹೊಗೆ ಒಳಗೆ ಬಂದಿದೆ, ಅಂದರೆ ಮಷೀನು ಸರಿಯಾಗಿ ಕೂರಿಸಿಲ್ಲ. ಅಲಾರಂ ಕೂಗಿಲ್ಲ, ಅಂದರೆ ಅದನ್ನೂ ಸರಿಯಾಗಿ ಹಾಕಿಲ್ಲ. ಎರಡೂ ಮಾಡಿದವನು ಡೆರೆಕ್. ನೂರಾ ನಲವತ್ತು ಜನರ ಗ್ರೂಪಿನಲ್ಲಿ ಒಬ್ಬರಿಗೂ ಅನುಮಾನ ಇಲ್ಲ, ಮೇಲೆ ಶಾಲು ನೋಡಿ ನಕ್ಕವರಿಗೂ. ನಾನು ಒಂದೊಂದೇ ಮೆಸೇಜು ಓದಿದೆ. ಏನೂ ಬರೆಯಲಿಲ್ಲ. ಯಾರೋ ಕೈಮುಗಿದ ಚಿತ್ರ ಹಾಕಿದ್ದರು, ಅದಕ್ಕೆ ನಾನೂ ಒಂದು ಕೈಮುಗಿದ ಚಿತ್ರ ಹಾಕಿದೆ.

ಪಾಟೀಲರಿಗೆ ಫೋನ್ ಮಾಡಿದೆ. 'ಹೇಳಿಬಿಡೋಣ ಸರ್' ಅಂದೆ.

'ಏನಂತ ಹೇಳೋಣ್ರೀ?'

'ಶಾಲಿನ ವಿಷಯ. ಅಲಾರಂ ನಾನೇ ತೆಗೆದು ಆಮೇಲೆ ಸಿಕ್ಕಿಸಿದ ವಿಷಯ.'

'ನೋಡ್ರಿ ಸುಮಾ ಅವ್ರ, ಯಾರರ ಸುಳ್ಳು ಹೇಳ್ಯಾರೇನು? ಕೇಳಿದ್ದಕ್ಕ ಉತ್ತರ ಕೊಟ್ಟೇವಿ. ಕೇಳದ್ದನ್ನ ನಾವಾಗೇ ಹೋಗಿ ಯಾಕ ಹೇಳಬೇಕು? ಸಂಘದ ಹೆಸರು ಹಾಳಾಕ್ಕತಿ. ನಾಳೆ ಹಾಲ್ ಮುಚ್ಚಿಸಿದ್ರ ಮಕ್ಕಳು ಎಲ್ಲಿ ಹೋಗ್ಬೇಕು? ಅವನಿಗೇನ್ರೀ, ರಿಟೈರ್ ಆಗೋ ವಯಸ್ಸು.' ಆಮೇಲೆ ದನಿ ತಗ್ಗಿಸಿ, 'ನನ್ನ ಮಗನೂ ಇದ್ನಲ್ರೀ ಒಳಗ. ನನಗ ಹೆಂಗಾಗಿರಬ್ಯಾಡ?' ಅಂದರು.

ಅವರು ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳವಾಡಿ ಫೋನ್ ಇಡಬಹುದಿತ್ತು. ನಮ್ಮವರನ್ನು ಉಳಿಸಿಕೊಳ್ಳುವುದು ಅಂದರೆ ನಮಗೆ ಎಷ್ಟು ಸಹಜ ಅಂದರೆ, ಅದಕ್ಕೆ ಇನ್ನೊಬ್ಬರು ಮುಳುಗಬೇಕಾಗುತ್ತದೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಸೂಪರ್ ಮಾರ್ಕೆಟಿನಲ್ಲಿ ಮೈಬಣ್ಣ ನೋಡಿ ನಮ್ಮ ಚೀಲ ತಪಾಸಣೆ ಮಾಡಿದರೆ ಒಂದು ವಾರ ಅದನ್ನೇ ಮಾತಾಡುತ್ತೇವೆ. ಅದೇ ನಾವು, ಡೆರೆಕ್ ಅನ್ನುವ ಹೆಸರು ನೋಡಿ, ಅವನ ಕೆಲಸ ಹೇಗಿರುತ್ತದೆ ಅಂತ ಐದು ನಿಮಿಷದಲ್ಲಿ ತೀರ್ಮಾನ ಮಾಡಿದೆವು.

ಸೋಮವಾರ ಡೆರೆಕ್ಕೇ ಫೋನ್ ಮಾಡಿದ. ಕೆಲಸದ ಕಾಗದದಲ್ಲಿ ನನ್ನ ನಂಬರ್ ಇತ್ತು.

ಬೈಯುತ್ತಾನೆ ಅಂದುಕೊಂಡಿದ್ದೆ. ಮೊದಲು ಕೇಳಿದ್ದು ಮಕ್ಕಳು ಹೇಗಿದ್ದಾರೆ ಅಂತ. ಚೆನ್ನಾಗಿದ್ದಾರೆ ಅಂದೆ. ಒಂದೇ ಒಂದು ಕೇಳಬೇಕಿತ್ತು ಅಂದ. 'ಅದು ಒಂದು ಸಲವಾದರೂ ಕೂಗಿತೇ? ಸಣ್ಣಗೆ ಬೀಪ್ ಅಂದರೂ ಸಾಕು.'

'ಆಗ ನಾನಿರಲಿಲ್ಲ. ರೈಲಿನಲ್ಲಿದ್ದೆ' ಅಂದೆ.

ನೋಡಿ, ಇದೂ ನಿಜವೇ. ಒಂದಕ್ಷರ ಸುಳ್ಳಿಲ್ಲ. ನಾನು ರೈಲಿನಲ್ಲಿದ್ದೆ, ಅಲಾರಮ್ಮೂ ನನ್ನ ಜೊತೆ ರೈಲಿನಲ್ಲಿತ್ತು.

'ಹೂಂ' ಅಂದ ಡೆರೆಕ್. ಆಮೇಲೆ ತನ್ನಷ್ಟಕ್ಕೇ ಹೇಳಿಕೊಳ್ಳುವ ಹಾಗೆ ಹೇಳುತ್ತಾ ಹೋದ. ಮಷೀನು ಎರಡು ಸಲ ಪರೀಕ್ಷೆ ಮಾಡಿದ್ದೆ ಅಂದುಕೊಂಡಿದ್ದೇನೆ. ಅಲಾರಮ್ಮಿನ ಬಟನ್ ಒತ್ತಿ ನೋಡಿದ್ದೆ ಅಂತಲೂ ಅಂದುಕೊಂಡಿದ್ದೇನೆ. ಈಗ ಖಾತ್ರಿ ಇಲ್ಲ. ವಯಸ್ಸಾಯಿತೇನೋ. ಮಾಡಿದ್ದೇನೆ ಅಂದುಕೊಂಡು ಮಾಡದೇ ಹೋದೆನೇನೋ. ಇನ್ನೆಷ್ಟು ಕಡೆ ಹೀಗೆ ಮಾಡಿದ್ದೇನೋ. ಹಿಂದೆ ಹಾಕಿದ ಮಷೀನುಗಳನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿದ್ದೇನೆ, ಎರಡು ಶಾಲೆ ಇವೆ ಅದರಲ್ಲಿ ಅಂದ.

ನೀನು ಒತ್ತಿದ್ದೆ ಡೆರೆಕ್. ನನ್ನ ಕಣ್ಣೆದುರೇ ಒತ್ತಿದ್ದೆ. ಅದು ಕೀ ಅಂತ ಕೂಗಿದಾಗ ನಾನು ಕಿವಿ ಮುಚ್ಚಿಕೊಂಡಿದ್ದೆ, ನೀನು ನಕ್ಕಿದ್ದೆ. ಈ ಮಾತು ನಾಲಿಗೆಯ ತುದಿಯವರೆಗೂ ಬಂತು. ಅಲ್ಲೇ ನಿಂತಿತು. 'ಟೇಕ್ ಕೇರ್' ಅಂದೆ. 'ಯು ಟೂ, ಲವ್' ಅಂದ.

ಅವನ ಲೈಸೆನ್ಸ್ ಹೋಗುತ್ತದೆ ಅನ್ನುವುದು ಒಂದು. ಆದರೆ ನಲವತ್ತನಾಲ್ಕು ವರ್ಷ ತನ್ನ ಕೈಯನ್ನು ನಂಬಿದ್ದ ಮನುಷ್ಯ ಈಗ ಆ ಕೈಯನ್ನೇ ನಂಬುತ್ತಿಲ್ಲ. ಅದನ್ನು ಕಿತ್ತುಕೊಂಡವಳು ನಾನು. ಎರಡು ದಿನದಿಂದ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ಮನೆಯವರು ಗ್ಯಾಸ್ ತಲೆಗೇರಿರಬೇಕು, ಜಿಪಿ ಡಾಕ್ಟರಿಗೆ ತೋರಿಸು ಅನ್ನುತ್ತಿದ್ದಾರೆ. ಅವರಿಗೂ ಹೇಳಿಲ್ಲ.

ಇವತ್ತು ಬೆಳಿಗ್ಗೆ ಆ ಇಮೇಲ್ ತೆರೆದು ಇಟ್ಟುಕೊಂಡು ಕೂತೆ. ಇಲ್ಲ ಅನ್ನುವ ಚೌಕಕ್ಕೆ ಟಿಕ್ ಹಾಕಬೇಕು, ಕೆಳಗೆ ನಾಲ್ಕು ಸಾಲು ಬರೆಯಬೇಕು. ಅಷ್ಟೇ. ಮೊದಲ ಸಾಲು ಬರೆದೆ, ಅಳಿಸಿದೆ. ಕಾಫಿ ಮಾಡಿಕೊಂಡು ಬಂದೆ. ಮತ್ತೆ ಬರೆದೆ, ಅಳಿಸಿದೆ. ಹನ್ನೊಂದಾಯಿತು, ಹನ್ನೆರಡಾಯಿತು. ಅಂಕಣಕ್ಕೆ ಇವತ್ತೇ ಕೊನೆ ದಿನ ಅನ್ನುವುದು ನೆನಪಾಯಿತು. ಸರಿ, ಅದನ್ನಾದರೂ ಮುಗಿಸೋಣ ಅಂತ ಈ ಫೈಲ್ ತೆರೆದೆ.

ಬಂತು ನೋಡಿ. ಕೂತಲ್ಲಿಂದ ಏಳದೆ ಬರೆದಿದ್ದೇನೆ. ಶವರ್ ಕ್ಯಾಪ್, ಶಾಲು, ರೈಲು, ಕ್ಲಿಪ್ಪು, ಫೋನಿನಲ್ಲಿ ಆಡಿದ ಮಾತು, ಯಾವುದನ್ನೂ ಬಚ್ಚಿಟ್ಟಿಲ್ಲ. ಕೆಲವು ಕಡೆ ಅತ್ತಿದ್ದೇನೆ. ಕೆಲವು ಕಡೆ, ಸುಳ್ಳು ಯಾಕೆ ಹೇಳಲಿ, ವಾಕ್ಯ ಚೆನ್ನಾಗಿ ಬಂತು ಅಂತ ಖುಷಿಯೂ ಆಗಿದೆ. ನಾಲ್ಕು ದಿನದ ಭಾರ ಎದೆಯಿಂದ ಇಳಿದ ಹಾಗಾಯಿತು. ಎದ್ದು ಹೋಗಿ ಉಪ್ಪಿಟ್ಟು ಮಾಡಿ ತಿಂದೆ. ಎರಡನೇ ಸಲ ಹಾಕಿಕೊಂಡು ತಿಂದೆ.

ನಾಲ್ಕು ಗಂಟೆಗೆ ಅನಘಾ ಸ್ಕೂಲಿನಿಂದ ಬಂದಳು. ಶನಿವಾರದಿಂದ ನನ್ನ ಹತ್ತಿರ ಎಷ್ಟು ಬೇಕೋ ಅಷ್ಟೇ ಮಾತು. ನಾನು ಕುರ್ಚಿ ಹತ್ತಿದ್ದನ್ನು, ಡಬ್ಬಿ ಚೀಲಕ್ಕೆ ಹಾಕಿದ್ದನ್ನು ಅವಳು ಯಾರಿಗೂ ಹೇಳಿಲ್ಲ. ನನ್ನನ್ನು ಕೇಳಿಯೂ ಇಲ್ಲ. ಬ್ಯಾಗ್ ಇಟ್ಟು ಬಂದು ನನ್ನ ಕುರ್ಚಿಯ ಹಿಂದೆ ನಿಂತು ಲ್ಯಾಪ್‌ಟಾಪ್ ನೋಡಿದಳು. ಕನ್ನಡ ಓದುವುದು ಅವಳಿಗೆ ನಿಧಾನ. ಬೆರಳಿಟ್ಟು ಕೂಡಿಸಿ ಓದಬೇಕು.

'ಇಸ್ ದಿಸ್ ಅಬೌಟ್ ಸ್ಯಾಟರ್ಡೇ?' ಅಂದಳು.

'ಹೂಂ ಕಣೇ. ಎಲ್ಲಾ ಬರೆದಿದೀನಿ. ಡಬ್ಬಿ ತೆಗೆದದ್ದು, ಆಮೇಲೆ ಹೋಗಿ ಸಿಕ್ಕಿಸಿದ್ದು. ಡೆರೆಕ್‌ದು ಏನೂ ತಪ್ಪಿಲ್ಲ ಅಂತ ಸ್ಪಷ್ಟವಾಗಿ ಬರೆದಿದೀನಿ.'

'ಎವ್ರಿಥಿಂಗ್?'

'ಎಲ್ಲಾ. ಒಂದೂ ಬಿಟ್ಟಿಲ್ಲ.'

ಅವಳ ಮುಖ ಸ್ವಲ್ಪ ಸಡಿಲವಾಯಿತು. ನನ್ನ ಭುಜದ ಮೇಲೆ ಕೈ ಇಟ್ಟಳು, ಶನಿವಾರದ ನಂತರ ಮೊದಲ ಸಲ. ಪರದೆಯ ಮೇಲಿನ ಅಕ್ಷರಗಳನ್ನು ಇನ್ನೊಂದಿಷ್ಟು ಹೊತ್ತು ನೋಡಿದಳು. ಆಮೇಲೆ ಕೇಳಿದಳು.

'ಕ್ಯಾನ್ ಡೆರೆಕ್ ರೀಡ್ ಕನ್ನಡ?'